ಸಂಗಾತಿಯ ಮೇಲೆ ಕೈ ಮಾಡಿದವರಿಗೆ ತಿರುಗಿ ಹೊಡೆಯಬಹುದೇ? ‘ಖಾಸಗಿ ರಕ್ಷಣೆಯ ಹಕ್ಕು’ ಅಂದರೆ ಏನು

ಹೆಂಡತಿಯ ಮೈಮೇಲೆ ಯಾರೋ ಕೈ ಹಾಕಿದ, ಗಂಡ ಎರಡು ಬಿಗಿದ. ಗಂಡನನ್ನು ಮೂರು ಜನ ಸೇರಿ ಬಡಿಯುತ್ತಿದ್ದರು, ಹೆಂಡತಿ ಕೈಗೆ ಸಿಕ್ಕ ಕೋಲು ಬೀಸಿದಳು. ಇಂಥದ್ದು ಕೇಳಿದ ಕೂಡಲೇ ನಾವೆಲ್ಲ ‘ಸರಿಯಾಗೇ ಮಾಡಿದ್ರು ಬಿಡಿ’ ಅಂತೀವಿ. ಕಾನೂನು ಕೂಡ ಎಷ್ಟೋ ಸಲ ಅದನ್ನೇ ಹೇಳುತ್ತದೆ. ಆದರೆ ಅದು ನೋಡುವುದು ನಿಮ್ಮ ಸಿಟ್ಟು ನ್ಯಾಯವಾದದ್ದೇ ಅಂತ ಅಲ್ಲ. ಆ ಕ್ಷಣದಲ್ಲಿ ಅಪಾಯ ಇತ್ತಾ, ನೀವು ಮಾಡಿದ್ದು ಅದನ್ನು ತಡೆಯೋಕೆ ಬೇಕಿತ್ತಾ ಅಂತ.

ಇದಕ್ಕೆ ಕಾನೂನಿನಲ್ಲಿರುವ ಹೆಸರು ಖಾಸಗಿ ರಕ್ಷಣೆಯ ಹಕ್ಕು. ಪೊಲೀಸರ ಸಹಾಯ ಪಡೆಯುವಷ್ಟು ಸಮಯ ಇಲ್ಲದಾಗ, ಮೈಮೇಲೆ ಬರುತ್ತಿರುವ ಅಪಾಯವನ್ನು ತಡೆಯಲು ಬೇಕಾದಷ್ಟು ಬಲವನ್ನು ನೀವೇ ಬಳಸಬಹುದು, ಅದು ಅಪರಾಧ ಅಲ್ಲ. ಭಾರತದಲ್ಲಿ ಇದು 1860ರ ದಂಡ ಸಂಹಿತೆಯ 96ರಿಂದ 106ರವರೆಗಿನ ಕಲಂಗಳಲ್ಲಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಂಗಳು ಇದೇ ವಿಷಯದವು. 35ನೇ ಕಲಂ ಪ್ರಕಾರ ನಿಮ್ಮ ದೇಹವನ್ನು ಮಾತ್ರ ಅಲ್ಲ, ಬೇರೆ ಯಾರ ದೇಹವನ್ನು ಬೇಕಾದರೂ ರಕ್ಷಿಸುವ ಹಕ್ಕು ನಿಮಗಿದೆ. ಮದುವೆಯಾಗಿರಬೇಕು ಅಂತಿಲ್ಲ, ಒಟ್ಟಿಗೆ ವಾಸ ಇರಬೇಕು ಅಂತಲೂ ಇಲ್ಲ. ಗುರುತೇ ಇಲ್ಲದವರಾದರೂ ಆಗುತ್ತದೆ.

ಎಲ್ಲಾ ಕಡೆ ಮೊದಲಿನಿಂದ ಹೀಗಿರಲಿಲ್ಲ. ಇಂಗ್ಲೆಂಡಿನ ಹಳೆಯ ಕಾನೂನು ಈ ಹಕ್ಕನ್ನು ಗಂಡ ಹೆಂಡತಿ, ಹೆತ್ತವರು ಮಕ್ಕಳು, ಯಜಮಾನ ಸೇವಕ ಇಂಥ ಸಂಬಂಧಗಳಿಗೆ ಕಟ್ಟಿಹಾಕಿತ್ತು. ನಿಧಾನಕ್ಕೆ ಆ ಬೇಲಿ ಬಿತ್ತು. ಅಲ್ಲಿನ 1967ರ ಕ್ರಿಮಿನಲ್ ಕಾನೂನು ಅಪರಾಧ ತಡೆಯಲು ‘ಆ ಸನ್ನಿವೇಶಕ್ಕೆ ತಕ್ಕಷ್ಟು’ ಬಲವನ್ನು ಯಾರು ಬೇಕಾದರೂ ಬಳಸಬಹುದು ಎಂದಿತು. ಬೇಲಿ ಬಿದ್ದದ್ದು ಒಳ್ಳೆಯದೇ. ಆದರೆ ಅದರ ಇನ್ನೊಂದು ಮುಖವನ್ನೂ ನೋಡಬೇಕು. ಅವಳು ನನ್ನ ಹೆಂಡತಿ, ಅವನು ನನ್ನ ಗಂಡ ಅನ್ನುವ ಕಾರಣಕ್ಕೆ ಒಂದು ಏಟು ಜಾಸ್ತಿ ಹೊಡೆಯುವ ಹಕ್ಕು ಕೂಡ ಯಾರಿಗೂ ಇಲ್ಲ.

ಇನ್ನು ಸಮಯದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ. ಒಬ್ಬ ನಿಮ್ಮ ಸಂಗಾತಿಯ ಕೈ ಹಿಡಿದು ಎಳೆಯುತ್ತಿದ್ದಾನೆ ಅಂದುಕೊಳ್ಳಿ. ನೀವು ಓಡಿ ಬಂದು ಅವನ ಎದೆಗೆ ಜೋರಾಗಿ ತಳ್ಳುತ್ತೀರಿ. ಅವನ ಹಿಡಿತ ಬಿಡುತ್ತದೆ, ನೆಲಕ್ಕೆ ಬೀಳುತ್ತಾನೆ. ಇಲ್ಲಿಯವರೆಗೆ ನೀವು ಮಾಡಿದ್ದು ರಕ್ಷಣೆ. ಅವನು ಎದ್ದು ಮತ್ತೆ ನುಗ್ಗಿದರೆ, ಅಥವಾ ಜೇಬಿನಿಂದ ಚಾಕು ತೆಗೆದರೆ, ಹಕ್ಕು ಇನ್ನೂ ಮುಗಿದಿಲ್ಲ. ಆದರೆ ಅವನು ಬಿದ್ದಲ್ಲೇ ಎರಡೂ ಕೈ ಎತ್ತಿ ಹಿಂದೆ ಸರಿಯುತ್ತಿದ್ದಾನೆ, ನಿಮ್ಮ ಸಂಗಾತಿ ಆಗಲೇ ನಿಮ್ಮ ಬೆನ್ನ ಹಿಂದೆ ಬಂದು ನಿಂತಾಗಿದೆ, ಆಗ ನೀವು ಅವನ ಪಕ್ಕೆಗೆ ಒಂದು ಒದೆ ಕೊಟ್ಟರೆ ಆ ಒದೆ ಬೇರೆಯದೇ ಲೆಕ್ಕಕ್ಕೆ ಹೋಗುತ್ತದೆ. ತಳ್ಳಿದ್ದಕ್ಕೂ ಒದ್ದದ್ದಕ್ಕೂ ನಡುವೆ ಎರಡು ಸೆಕೆಂಡ್ ಇರಬಹುದು, ಅಷ್ಟರಲ್ಲಿ ನೀವು ರಕ್ಷಿಸಿದವರಿಂದ ಹಲ್ಲೆ ಮಾಡಿದವರಾಗಿರುತ್ತೀರಿ. ಅಪಾಯದ ಭಯ ಎಲ್ಲಿಯವರೆಗೆ ಇರುತ್ತದೋ ಅಲ್ಲಿಯವರೆಗೆ ಮಾತ್ರ ಹಕ್ಕು ಎಂದು ಕಾನೂನಿನಲ್ಲೇ ಇದೆ. ಮಾರನೇ ದಿನ ಅವನನ್ನು ಹುಡುಕಿಕೊಂಡು ಹೋಗಿ ಹೊಡೆಯುವುದು ಸೇಡು. ಅದರ ಬಗ್ಗೆ ಚರ್ಚೆಯೇ ಬೇಡ.

ಎಷ್ಟು ಬಲ ಅನ್ನುವುದಕ್ಕೆ ಅಳತೆಗೋಲು ಇಲ್ಲ. ಅಪಾಯ ತಡೆಯಲು ಬೇಕಾದ್ದಕ್ಕಿಂತ ಹೆಚ್ಚು ಪೆಟ್ಟು ಮಾಡಬಾರದು, ಅಷ್ಟೇ. ಹಾಗಂತ ಕಣ್ಣೆದುರು ಸಂಗಾತಿಯ ಕತ್ತು ಹಿಸುಕುತ್ತಿರುವಾಗ ಯಾರೂ ಲೆಕ್ಕ ಹಾಕುತ್ತಾ ಕೂರೋಕೆ ಆಗಲ್ಲ ಅನ್ನುವುದು ಕೋರ್ಟುಗಳಿಗೂ ಗೊತ್ತು. ಇದನ್ನು ಚಿನ್ನದ ತಕ್ಕಡಿಯಲ್ಲಿ ತೂಗಬಾರದು ಎಂದು ಭಾರತದ ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಅಮೆರಿಕದ ಸುಪ್ರೀಂ ಕೋರ್ಟ್ ಕೂಡ 1921ರಲ್ಲಿ, ಎತ್ತಿದ ಚಾಕುವಿನ ಎದುರು ನಿಂತವನಿಂದ ಶಾಂತ ಚಿಂತನೆ ನಿರೀಕ್ಷಿಸಲಾಗದು ಎಂಬರ್ಥದ ಮಾತು ಹೇಳಿತು. ಎದುರಾಳಿಯ ಸಾವಿನವರೆಗೂ ಹೋಗಲು ಅವಕಾಶ ಇರುವುದು ಕೆಲವೇ ಸಂದರ್ಭಗಳಲ್ಲಿ. ಸಾವು ಅಥವಾ ತೀವ್ರ ಗಾಯದ ಭಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಇಂಥವು ಭಾರತದ ಕಾನೂನಿನ ಪಟ್ಟಿಯಲ್ಲಿವೆ. ಒಂದು ತಳ್ಳಾಟ ಆ ಪಟ್ಟಿಯಲ್ಲಿ ಇಲ್ಲ.

ಬೈಗುಳವೂ ಇಲ್ಲ. ಸಂಗಾತಿಯ ಬಗ್ಗೆ ಯಾರೋ ಕೊಳಕು ಮಾತಾಡಿದರೆ ಮೈ ಉರಿಯುತ್ತದೆ, ಉರಿಯಬೇಕು ಕೂಡ. ಆ ಮಾತೇ ಅಪರಾಧವಾಗಿ ದೂರು ಕೊಡುವಂಥದ್ದೂ ಆಗಿರಬಹುದು. ಆದರೆ ಈ ಹಕ್ಕು ಇರುವುದು ದೇಹಕ್ಕೆ ಬರುವ ಅಪಾಯ ತಡೆಯಲು, ಮರ್ಯಾದೆಗೆ ಆದ ಪೆಟ್ಟಿಗೆ ಉತ್ತರ ಕೊಡಲು ಅಲ್ಲ. ಮಾತಿಗೆ ಏಟಿನ ಉತ್ತರ ಕೊಟ್ಟರೆ ಮೊದಲು ಕೈ ಮಾಡಿದವರು ನೀವೇ ಆಗುತ್ತೀರಿ. ಆಗ ಎದುರಿನವನಿಗೇ ಖಾಸಗಿ ರಕ್ಷಣೆಯ ಹಕ್ಕು ಹುಟ್ಟುತ್ತದೆ.

ತಪ್ಪು ತಿಳಿದು ನುಗ್ಗಿದರೆ? 1884ರಲ್ಲಿ ಇಂಗ್ಲೆಂಡಿನ ಒಬ್ಬ ಯುವಕ, ತನ್ನ ತಂದೆಯು ತಾಯಿಯ ಕತ್ತು ಕುಯ್ಯುತ್ತಿದ್ದಾನೆ ಎಂದು ನಂಬಿ ತಂದೆಗೆ ಗುಂಡು ಹೊಡೆದ. ಹಾಗೆ ನಂಬಲು ತಕ್ಕ ಕಾರಣ ಇತ್ತೇ ಅನ್ನುವುದೇ ಮುಖ್ಯ ಪ್ರಶ್ನೆಯಾಯಿತು, ಅವನು ಖುಲಾಸೆಯಾದ. 1962ರಲ್ಲಿ ನ್ಯೂಯಾರ್ಕಿನಲ್ಲಿ ಇದಕ್ಕೆ ಉಲ್ಟಾ ತೀರ್ಪು ಬಂತು. ಇಬ್ಬರು ಗಂಡಸರು ಒಬ್ಬ ಹುಡುಗನನ್ನು ಎಳೆದಾಡುತ್ತಿದ್ದಾರೆ ಎಂದು ಒಬ್ಬಾತ ಅಡ್ಡ ಬಂದು ಹೊಡೆದಿದ್ದ. ಅವರು ಮಫ್ತಿಯಲ್ಲಿದ್ದ ಪೊಲೀಸರು, ಹುಡುಗನನ್ನು ಬಂಧಿಸುತ್ತಿದ್ದರು. ಒಳ್ಳೆಯ ಮನಸ್ಸಿನಿಂದ ಬಂದವನಿಗೇ ಶಿಕ್ಷೆ ಖಾಯಂ ಆಯಿತು. ಆಮೇಲೆ ಅಲ್ಲಿನ ಕಾನೂನೇ ಬದಲಾಯಿತು. ಈಗ ಹಲವು ಕಡೆ, ಭಾರತದಲ್ಲೂ, ನಂಬಿಕೆ ಪ್ರಾಮಾಣಿಕವಾಗಿದ್ದು ಅದಕ್ಕೆ ತಕ್ಕ ಕಾರಣ ಇದ್ದರೆ ರಕ್ಷಣೆ ಸಿಗುತ್ತದೆ. ಜಗಳದ ಮಧ್ಯಕ್ಕೆ ಬಂದವರು ಮಾತ್ರ ಹುಷಾರಾಗಿರಬೇಕು. ಮೊದಲು ಹೊಡೆದದ್ದು ನಿಮ್ಮ ಸಂಗಾತಿಯೇ ಆಗಿರಬಹುದು, ಅಲ್ವಾ?

ಮಿತಿ ಮೀರಿದರೆ ಎಲ್ಲಾ ಕಡೆ ಒಂದೇ ನಿಯಮ ಇಲ್ಲ. ಭಾರತದಲ್ಲಿ ಒಳ್ಳೆಯ ಉದ್ದೇಶದಿಂದಲೇ ರಕ್ಷಿಸಲು ಹೋಗಿ, ಸೇಡಿನ ಯೋಚನೆ ಇಲ್ಲದೆ, ಮಿತಿ ದಾಟಿ ಸಾವಾದರೆ ಅದು ಕೊಲೆ ಅನ್ನಿಸಿಕೊಳ್ಳುವುದಿಲ್ಲ, ಅದಕ್ಕಿಂತ ಕಡಿಮೆ ಅಪರಾಧವಾಗುತ್ತದೆ. ಜರ್ಮನಿಯ ದಂಡ ಸಂಹಿತೆಯ 33ನೇ ಕಲಂ ಇನ್ನೂ ಮುಂದೆ ಹೋಗುತ್ತದೆ. ಗೊಂದಲ, ಭಯ, ಗಾಬರಿಯಿಂದ ಮಿತಿ ದಾಟಿದವರಿಗೆ ಶಿಕ್ಷೆಯೇ ಇಲ್ಲ. ಸಿಟ್ಟಿನಿಂದ ದಾಟಿದವರಿಗೆ ಈ ವಿನಾಯಿತಿ ಇಲ್ಲ ಅನ್ನುವುದನ್ನು ಗಮನಿಸಿ. ನನಗೆ ಇದು ಬಹಳ ಸರಿ ಅನಿಸುತ್ತದೆ. ಹೆದರಿದವರ ಕೈ ತಪ್ಪುವುದು ಬೇರೆ, ರೋಷ ತೀರಿಸಿಕೊಳ್ಳುವುದೇ ಬೇರೆ.

ನೈತಿಕತೆ ಅಂತ ಬಂದಾಗ ಕಾನೂನು ಕೇಳದ ಒಂದು ಪ್ರಶ್ನೆ ಉಳಿಯುತ್ತದೆ. ನಿಮ್ಮ ಸಂಗಾತಿಗೆ ನಿಮ್ಮಿಂದ ಏನು ಬೇಕಿತ್ತು? ಎಷ್ಟೋ ಸಲ ಸಂಗಾತಿ ತೋಳು ಹಿಡಿದು ‘ಬಾ, ಹೋಗೋಣ’ ಅನ್ನುತ್ತಿರುತ್ತಾರೆ, ಇವರು ಆ ಕೈಯನ್ನು ಕೊಡವಿ ಮುಂದೆ ನುಗ್ಗುತ್ತಾರೆ. ಯಾರ ಸಲುವಾಗಿ ಅಂತ ಹೊರಟಿದ್ದಾರೋ ಅವರ ಮಾತೇ ಬೇಡವಾಗಿದೆ. ಅದು ರಕ್ಷಣೆ ಅಂತ ನಾನು ಒಪ್ಪುವುದಿಲ್ಲ. ಸಂಗಾತಿ ನಿಮ್ಮ ಆಸ್ತಿ ಅಲ್ಲ, ಅವರಿಗಾದ ಅವಮಾನದ ಲೆಕ್ಕವನ್ನು ಚುಕ್ತಾ ಮಾಡಬೇಕಾದವರು ನೀವಲ್ಲ. ಜಗಳ ದೊಡ್ಡದಾದರೆ ಎದುರಿನವನ ಮುಂದಿನ ಏಟು ಅವರ ಮೇಲೂ ಬೀಳಬಹುದು. ಕೇಸಾದರೆ ವರ್ಷಗಟ್ಟಲೆ ಕೋರ್ಟಿಗೆ ಅವರೂ ಅಲೆಯಬೇಕು. ಅವರನ್ನು ಕರೆದುಕೊಂಡು ಅಲ್ಲಿಂದ ಹೊರಡಲು ದಾರಿ ಇದ್ದರೆ ಹೊರಡುವುದು ಹೇಡಿತನ ಅಲ್ಲ. ದಾರಿ ಇಲ್ಲದೆ, ಅವರ ಜೀವಕ್ಕೋ ದೇಹಕ್ಕೋ ನಿಜವಾದ ಅಪಾಯ ಬಂದು ನಿಂತರೆ, ಆಗ ಬಲ ಬಳಸಲು ಹಿಂದೆ ಮುಂದೆ ನೋಡಬೇಕಿಲ್ಲ. ಅಂಥ ಹೊತ್ತಿನಲ್ಲಿ ಅಹಿಂಸೆಯ ಹೆಸರಲ್ಲಿ ಸುಮ್ನೆ ನಿಲ್ಲುವುದನ್ನು ನಾನಂತೂ ಸಮರ್ಥಿಸಲಾರೆ.

ಬಲ ಬಳಸಿದ ಮೇಲೆ ಮಾಡಬೇಕಾದ ಕೆಲಸವೂ ಇದೆ. ಎದುರಿನವನಿಗೆ ಪೆಟ್ಟಾಗಿದ್ದರೆ ಆಂಬುಲೆನ್ಸ್ ಕರೆಸಿ, ಪೊಲೀಸರಿಗೆ ನೀವೇ ಮೊದಲು ತಿಳಿಸಿ. ಭಾರತದಲ್ಲಿ ಖಾಸಗಿ ರಕ್ಷಣೆ ಎಂದು ತೋರಿಸುವ ಹೊಣೆ ಆರೋಪಿಯದ್ದೇ. ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ಹಾಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಎಂದು ತೋರಿಸಿದರೆ ಸಾಕು. ಅದಕ್ಕೇ ಸಂಗಾತಿಯ ಮೈಮೇಲಿನ ಗಾಯದ ವೈದ್ಯಕೀಯ ದಾಖಲೆ, ಹರಿದ ಬಟ್ಟೆ, ಅಲ್ಲಿದ್ದವರ ಹೇಳಿಕೆ, ಹತ್ತಿರದ ಸಿಸಿಟಿವಿ ದೃಶ್ಯ ಎಲ್ಲವೂ ಮುಖ್ಯವಾಗುತ್ತವೆ. ಏನೂ ಆಗೇ ಇಲ್ಲ ಎಂದು ಓಡಿಹೋದವರಿಗೆ, ಆಮೇಲೆ ಅದು ರಕ್ಷಣೆಗೆ ಮಾಡಿದ್ದು ಎಂದು ನಂಬಿಸುವುದು ಬಹಳ ಕಷ್ಟ.