ಸೂರ್ಯನ ಎದುರು ಹಾರುವ ಹಕ್ಕಿ: ಫೋಟೋ ಕಲಿಯುವವರಿಗೆ ಟಿಪ್ಪಣಿ

"ಸೂರ್ಯ ಬೆನ್ನ ಹಿಂದೆ ಇರಲಿ." ಹಕ್ಕಿ ಫೋಟೋ ಕಲಿಯುವವರಿಗೆ ಸಿಗುವ ಮೊದಲ ಪಾಠ ಇದು. ಸರಿಯಾದ ಪಾಠವೇ. ಆದರೆ ಬೆಳಗ್ಗೆ ನೀರಿನ ಆಚೆ ದಡದಲ್ಲಿ ಸೂರ್ಯ ಏಳುತ್ತಿರುವಾಗ ಹಕ್ಕಿಗಳೂ ಆ ಕಡೆಯಿಂದಲೇ ಎದ್ದು ಬಂದರೆ? ನಾವು ನಿಲ್ಲುವುದಕ್ಕೆ ಇರುವ ಜಾಗ ಈ ದಡ ಮಾತ್ರ. ಅಂಥ ಹೊತ್ತಿಗೆ ಈ ಟಿಪ್ಪಣಿ.

ಇಷ್ಟು ದಿನದಲ್ಲಿ ನನಗೆ ಅರ್ಥವಾದ ಮುಖ್ಯ ವಿಷಯ ಒಂದೇ. ಕ್ಯಾಮೆರಾ ಎತ್ತುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಬೇಕು: ಹಕ್ಕಿಯ ಆಕಾರ ಬೇಕೋ, ಗರಿಯ ವಿವರ ಬೇಕೋ? ಎದುರು ಬಿಸಿಲಿನಲ್ಲಿ ಎರಡೂ ಒಟ್ಟಿಗೆ ಸಿಗುವುದು ತೀರಾ ಅಪರೂಪ. ತೀರ್ಮಾನ ಮಾಡದೆ ಒತ್ತಿದರೆ ಎರಡೂ ಕೈತಪ್ಪುತ್ತವೆ.

ಕಣ್ಣಿನ ವಿಷಯ ಮೊದಲು

ಟೆಲಿ ಲೆನ್ಸ್ ಅಂದರೆ ದೊಡ್ಡ ಭೂತಗನ್ನಡಿ ಇದ್ದ ಹಾಗೆ. ಭೂತಗನ್ನಡಿ ಬಿಸಿಲಲ್ಲಿ ಕಾಗದ ಸುಡುವುದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಒಳಗೆ ಕನ್ನಡಿ ಇರುವ ಡಿಎಸ್ಎಲ್ಆರ್ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್‌ನಲ್ಲಿ ಅದೇ ಬೆಳಕು ಕಣ್ಣೊಳಗೆ ಬೀಳುತ್ತದೆ. ರೆಟಿನಾಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟರೂ ಆ ಕ್ಷಣ ಗೊತ್ತಾಗುವುದಿಲ್ಲ. ಸೂರ್ಯ ಕೆಂಪಗೆ ಕಂಡ ಮಾತ್ರಕ್ಕೆ ನಿಶ್ಚಿಂತೆ ಅಂದುಕೊಳ್ಳಬೇಡಿ. ಕಣ್ಣಿಗೆ ಕಾಣದ ಶಾಖದ ಕಿರಣಗಳು ಆಗಲೂ ಇರುತ್ತವೆ.

ಹಕ್ಕಿಯ ಹಿಂದೆಯೇ ಲೆನ್ಸ್ ತಿರುಗಿಸುವಾಗ ಸೂರ್ಯ ಎಲ್ಲಿದ್ದಾನೆ ಅನ್ನುವುದೇ ಮರೆತುಹೋಗುತ್ತದೆ. ಅಪಾಯ ಇರುವುದು ಅಲ್ಲೇ. ಅದಕ್ಕೆ ನಾನು ಮೊದಲೇ ಒಂದು ಗುರುತು ನೋಡಿಟ್ಟುಕೊಳ್ಳುತ್ತೇನೆ, ಒಂದು ಮರವೋ ಕಂಬವೋ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಸೂರ್ಯನಿಂದ ಒಂದು ಮುಷ್ಟಿ ಈಚೆಗೆ ಇರುವ ಗುರುತು ಸಾಕು. ಹಕ್ಕಿ ಅದನ್ನು ದಾಟಿತೋ, ಲೆನ್ಸ್ ಇಳಿಸುತ್ತೇನೆ. ಎಷ್ಟೇ ಚೆಂದದ ಹಕ್ಕಿಯಾಗಲಿ.

ಮಿರರ್‌ಲೆಸ್ ಕ್ಯಾಮೆರಾದಲ್ಲಿ ನಾವು ನೋಡುವುದು ಪುಟ್ಟ ಪರದೆಯನ್ನು, ಹಾಗಾಗಿ ಕಣ್ಣಿಗೆ ಆ ಭಯ ಇಲ್ಲ. ಆದರೆ ಸೆನ್ಸರ್ (ಚಿತ್ರ ಹಿಡಿಯುವ ಚಿಪ್), ಷಟರ್ (ಅದರ ಮುಂದೆ ತೆರೆದು ಮುಚ್ಚುವ ಭಾಗ) ಎರಡೂ ಸುಡಬಹುದು. ಸುಮ್ನೆ ನಿಂತಿರುವಾಗ ಲೆನ್ಸ್ ನೆಲದ ಕಡೆ ಇರಲಿ.

ಮೀಟರ್ ಯಾಕೆ ಮೋಸಹೋಗುತ್ತದೆ

ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ಹಕ್ಕಿ ಗೊತ್ತಿಲ್ಲ, ಆಕಾಶ ಗೊತ್ತಿಲ್ಲ. ಎದುರಿಗೆ ಕಂಡದ್ದನ್ನೆಲ್ಲ ಸೇರಿಸಿ ಮಧ್ಯಮ ಬೂದು ಬಣ್ಣಕ್ಕೆ ತರುವುದಷ್ಟೇ ಅದರ ಕೆಲಸ. ಫ್ರೇಮಿನ ಹೆಚ್ಚಿನ ಭಾಗ ಹೊಳೆಯುವ ಆಕಾಶವೇ ಆದರೆ ಅದು ಎಲ್ಲವನ್ನೂ ಕತ್ತಲು ಮಾಡುತ್ತದೆ. ಹಕ್ಕಿ ಕಪ್ಪು ಚುಕ್ಕೆಯಾಗುತ್ತದೆ.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒಂದು ಸಂಜೆ ಬೆಳ್ಳಕ್ಕಿಗಳ ಸಾಲನ್ನು ಹಿಂಬಾಲಿಸುತ್ತಾ, ಬೆಳಕಿನ ಪ್ರಮಾಣವನ್ನು ಕ್ಯಾಮೆರಾವೇ ತೀರ್ಮಾನಿಸುವ ಆಟೋ ಎಕ್ಸ್‌ಪೋಷರ್‌ನಲ್ಲೇ ತೆಗೆದೆ. ಹಿಂದೆ ಮರಗಳಿದ್ದ ಫ್ರೇಮುಗಳಲ್ಲಿ ಹಕ್ಕಿಗಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು, ಒಂದು ಗರಿಯೂ ಕಾಣಲಿಲ್ಲ. ಸೂರ್ಯನ ಹತ್ತಿರ ಬಂದ ಫ್ರೇಮುಗಳಲ್ಲಿ ಅದೇ ಹಕ್ಕಿಗಳು ಮಸಿಯಾಗಿದ್ದವು. ಹಕ್ಕಿಯ ಮೇಲೆ ಬಿದ್ದ ಬೆಳಕು ಅಷ್ಟು ಹೊತ್ತೂ ಅಷ್ಟೇ ಇತ್ತು. ಬದಲಾಗಿದ್ದು ಹಿನ್ನೆಲೆ ಮಾತ್ರ. ಮನೆಗೆ ಬಂದು ಆ ಫ್ರೇಮುಗಳನ್ನು ಸಾಲಾಗಿ ಇಟ್ಟು ನೋಡಿದಾಗ ಆ ಪ್ರಮಾಣವನ್ನು ನಾವೇ ತೀರ್ಮಾನಿಸುವ ಮ್ಯಾನುಯಲ್ ಮೋಡ್ ಯಾಕೆ ಬೇಕು ಅನ್ನುವುದು ಸರಿಯಾಗಿ ತಲೆಗೆ ಹೋಯಿತು.

ಮ್ಯಾನುಯಲ್‌ಗೆ ಆಧಾರ ಹಳೆಯ "ಸನ್ನಿ 16" ನಿಯಮ. ಮೋಡವಿಲ್ಲದ ಬಿಸಿಲಿನಲ್ಲಿ ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/16 ಇಟ್ಟರೆ ಷಟರ್ ವೇಗ ಐಎಸ್ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಸಂಖ್ಯೆಯಷ್ಟೇ. ಐಎಸ್ಒ 400 ಆದರೆ 1/400 ಸೆಕೆಂಡ್. ಹಾರುವ ಹಕ್ಕಿಗೆ ಇದು ನಿಧಾನ ಆಯಿತು. ಎಫ್/8ಕ್ಕೆ ತೆರೆದರೆ 1/1600 ಸಿಗುತ್ತದೆ. ಬೆಳಕು ನೇರವಾಗಿ ಹಕ್ಕಿಯ ಮೇಲೆ ಬೀಳುವಾಗ ಇದು ಸರಿಯಾದ ಲೆಕ್ಕ.

ಈಗ ಸೂರ್ಯ ಎದುರಿಗಿದ್ದಾನೆ. ನಮಗೆ ಕಾಣುತ್ತಿರುವುದು ಹಕ್ಕಿಯ ನೆರಳಿನ ಕಡೆ. ಗರಿಯ ವಿವರ ಬೇಕಿದ್ದರೆ ಸುಮಾರು 2 ಸ್ಟಾಪ್ ಬೆಳಕು ಜಾಸ್ತಿ ಕೊಡಬೇಕು (ಒಂದು ಸ್ಟಾಪ್ ಅಂದರೆ ಎರಡು ಪಟ್ಟು): ಐಎಸ್ಒ 800, ಎಫ್/5.6, ಷಟರ್ 1/1600ರಲ್ಲೇ ಇರಲಿ. ಆಕಾಶ ಬೆಳ್ಳಗಾಗಿ ಹೋಗುತ್ತದೆ, ಹೋಗಲಿ ಬಿಡಿ. ಬೇಕಾದ್ದು ಆಕಾರ ಆದರೆ ಉಲ್ಟಾ ದಾರಿ: ಐಎಸ್ಒ 400, ಎಫ್/8, 1/3200 ಅಥವಾ ಇನ್ನೂ ವೇಗ. ಆಕಾಶದ ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆ, ಹಕ್ಕಿ ಪೂರ್ತಿ ಕಪ್ಪಾಗುತ್ತದೆ. ಇವು ನಡುಹಗಲಿನ, ಮೋಡವಿಲ್ಲದ ಬಿಸಿಲಿನ ಅಂಕಿಗಳು. ಸೂರ್ಯ ಕೆಳಗಿದ್ದಾಗ, ಮಂಜಿದ್ದಾಗ ಹಿಸ್ಟೋಗ್ರಾಮ್ (ಫೋಟೋದ ಕತ್ತಲು, ಬೆಳಕು ಎಷ್ಟೆಷ್ಟು ಅಂತ ತೋರಿಸುವ ನಕ್ಷೆ) ನೋಡಿ ಸರಿಮಾಡಿಕೊಳ್ಳಬೇಕು. ಹಕ್ಕಿ ಬರುವ ಮುಂಚೆ ಖಾಲಿ ಆಕಾಶದ್ದೇ ಒಂದು ಫೋಟೋ ತೆಗೆದು ನೋಡುವುದು ನನ್ನ ಅಭ್ಯಾಸ.

ಆಕಾರದ ಪಾಠ

ನನಗೆ ತುಂಬ ಇಷ್ಟವಾದ ಭಾಗ ಇದು. ಕಪ್ಪು ಆಕಾರ ಮಾತ್ರ ಇರುವ ಫೋಟೋ, ಅಂದರೆ ಸಿಲೂಯೆಟ್‌ನಲ್ಲಿ ಬಣ್ಣ ಇಲ್ಲ, ಕಣ್ಣಿನ ಹೊಳಪಿಲ್ಲ. ಉಳಿಯುವುದು ಹೊರಗೆರೆ ಮಾತ್ರ. ಕೊಕ್ಕು ಬೇರೆಯಾಗಿ ಕಾಣಬೇಕು. ರೆಕ್ಕೆ ಮೈಗೆ ಅಂಟಿಕೊಂಡಿರಬಾರದು. ರೆಕ್ಕೆ ಮೇಲೆತ್ತಿದ ಕ್ಷಣ ಅಥವಾ ಪೂರ್ತಿ ಕೆಳಗೆ ಬಡಿದ ಕ್ಷಣ ಸಿಕ್ಕರೆ ಒಳ್ಳೆಯದು. ಪಕ್ಕದಿಂದ ನೋಡುವಾಗ ರೆಕ್ಕೆ ಅಡ್ಡಕ್ಕೆ ಬಂದ ಕ್ಷಣದಲ್ಲಿ ಹಕ್ಕಿ ಬರೀ ಒಂದು ಕಡ್ಡಿಯ ಹಾಗೆ ಕಾಣುತ್ತದೆ.

1882ರಲ್ಲಿ ಫ್ರಾನ್ಸಿನ ವಿಜ್ಞಾನಿ ಎಟಿಯೆನ್ ಜೂಲ್ ಮಾರೇ ಬಂದೂಕಿನ ಆಕಾರದ ಒಂದು ಕ್ಯಾಮೆರಾ ಮಾಡಿದರು. ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಅವರಿಗೆ ಬೇಕಿದ್ದದ್ದು ರೆಕ್ಕೆ ಹೇಗೆ ಬಡಿಯುತ್ತದೆ ಅನ್ನುವುದು. ಬೆಳಗುವ ಆಕಾಶದ ಮುಂದೆ ಕಪ್ಪಗೆ ಕಾಣುವ ಹಕ್ಕಿಯೇ ಅದಕ್ಕೆ ಸಾಕಾಗಿತ್ತು. ಒಂದರ ಹಿಂದೆ ಒಂದು ಫೋಟೋ ತೆಗೆಯುವ ನಮ್ಮ ಬರ್ಸ್ಟ್ ಮೋಡ್‌ನ ಕೆಲಸವೂ ಅದೇ. ಬಡಿತದ ಯಾವ ಹಂತ ಚೆಂದ ಅನ್ನುವುದನ್ನು ಆಮೇಲೆ ಕೂತು ಆರಿಸಬಹುದು.

ಗಾಳಿಯನ್ನೂ ಗಮನಿಸಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ಏಳುತ್ತವೆ, ಇಳಿಯುತ್ತವೆ. ಗಾಳಿ ನಮ್ಮ ಬೆನ್ನಿನಿಂದ ಬೀಸುತ್ತಿದ್ದರೆ ಹಕ್ಕಿ ನಮ್ಮ ಕಡೆಗೇ ಮುಖ ಮಾಡುತ್ತದೆ. ಆಗ ಕೊಕ್ಕಿನ ಗೆರೆ ಸಿಗುವುದಿಲ್ಲ. ಆಕಾರಕ್ಕೆ ಅಡ್ಡ ಬೀಸುವ ಗಾಳಿಯೇ ಒಳ್ಳೆಯದು.

108ರ ಲೆಕ್ಕ

ಸೂರ್ಯನ ಬಿಂಬದ ಒಳಗೇ ಹಕ್ಕಿ ಇರುವ ಫೋಟೋ ಎಲ್ಲರಿಗೂ ಆಸೆ. ಇದಕ್ಕೆ ಒಂದು ಸುಲಭ ಲೆಕ್ಕ ಇದೆ. ಆಕಾಶದಲ್ಲಿ ಸೂರ್ಯನ ಅಗಲ ಸುಮಾರು ಅರ್ಧ ಡಿಗ್ರಿ. ಒಂದು ವಸ್ತು ತನ್ನ ಅಗಲದ ಸುಮಾರು 108 ಪಟ್ಟು ದೂರದಲ್ಲಿದ್ದರೆ ಅಷ್ಟೇ ದೊಡ್ಡದಾಗಿ ಕಾಣುತ್ತದೆ. ರೆಕ್ಕೆ ಬಿಚ್ಚಿದಾಗ 1 ಮೀಟರ್ ಅಗಲ ಇರುವ ಹಕ್ಕಿ 108 ಮೀಟರ್ ದೂರದಲ್ಲಿದ್ದರೆ ಬಿಂಬವನ್ನು ಪೂರ್ತಿ ತುಂಬುತ್ತದೆ. ಸುತ್ತ ಸ್ವಲ್ಪ ಜಾಗ ಬೇಕಾದರೆ 200 ಮೀಟರ್ ಆಚೆ ಇರಬೇಕು. ಹತ್ತಿರ ಬರಲಿ ಅಂತ ಕಾಯುವುದೇ ತಪ್ಪು!

ಸೆನ್ಸರ್ ಮೇಲೆ ಬೀಳುವ ಬಿಂಬಕ್ಕೂ ಇದೇ ಅಂಕಿ. ಫೋಕಲ್ ಲೆಂತ್ (ಲೆನ್ಸಿನ ಮೇಲೆ ಬರೆದಿರುವ ಮಿ.ಮೀ. ಸಂಖ್ಯೆ) ಅನ್ನು 108ರಿಂದ ಭಾಗಿಸಿ. 500 ಮಿ.ಮೀ. ಲೆನ್ಸಿನಲ್ಲಿ ಬಿಂಬ ಸುಮಾರು 4.6 ಮಿ.ಮೀ., ಅಂದರೆ ಫುಲ್ ಫ್ರೇಮ್ (ದೊಡ್ಡ ಅಳತೆಯ) ಸೆನ್ಸರಿನ ಎತ್ತರದ ಐದನೇ ಒಂದು ಭಾಗದ ಹತ್ತಿರ. ಮತ್ತೆ ಸೂರ್ಯ ನಿಲ್ಲುವುದಿಲ್ಲ. ಸುಮಾರು 2 ನಿಮಿಷಕ್ಕೆ ತನ್ನದೇ ಅಗಲದಷ್ಟು ಸರಿಯುತ್ತಾನೆ. ಹಕ್ಕಿಗಳು ದಿನವೂ ಗೂಡಿಗೆ ಮರಳುವ ದಾರಿ ಗೊತ್ತಿದ್ದರೆ ಮಾತ್ರ ಇದು ಕೈಗೂಡುತ್ತದೆ. ಪ್ರಯತ್ನ ಮಾಡುವುದು ಸೂರ್ಯ ದಿಗಂತದ ಹತ್ತಿರ ಮಂದವಾದಾಗ ಮಾತ್ರ, ಅದೂ ಪರದೆ ನೋಡಿಕೊಂಡು. ಮೇಲೆ ಸುಡುತ್ತಿರುವಾಗ ಬಿಂಬವನ್ನು ಫ್ರೇಮಿನ ಹೊರಗೇ ಇಡಿ.

ಫೋಕಸ್, ಫ್ಲೇರ್

ಎದುರು ಬೆಳಕಿನಲ್ಲಿ ಆಟೋಫೋಕಸ್ ತಡಕಾಡುತ್ತದೆ. ಲೆನ್ಸ್ ಒಳಗೆ ಚದುರಿದ ಬೆಳಕು (ಇದೇ ಫ್ಲೇರ್) ಚಿತ್ರದ ಕಾಂಟ್ರಾಸ್ಟ್ ತಿನ್ನುತ್ತದೆ, ಫೋಕಸ್‌ಗೆ ಬೇಕಾದ್ದು ಅದೇ ಕಾಂಟ್ರಾಸ್ಟ್. ಹಕ್ಕಿ ಬರುವಷ್ಟೇ ದೂರದ ಮರಕ್ಕೆ ಮೊದಲೇ ಫೋಕಸ್ ಮಾಡಿಟ್ಟುಕೊಂಡರೆ ಹುಡುಕಾಟ ಕಡಿಮೆ. ಲೆನ್ಸಿನಲ್ಲಿ ಫೋಕಸ್ ಲಿಮಿಟರ್ (ಫೋಕಸ್ ಹುಡುಕುವ ದೂರಕ್ಕೆ ಮಿತಿ ಹಾಕುವ ಗುಂಡಿ) ಇದ್ದರೆ ದೂರಕ್ಕೆ ಹಾಕಿ. ಲೆನ್ಸಿನ ಮುಂದೆ ನೆರಳು ಕೊಡುವ ಹುಡ್ ಯಾವಾಗಲೂ ಇರಲಿ. ಮುಂದಿನ ಗಾಜಿನ ಮೇಲಿನ ಬೆರಳಚ್ಚು, ಧೂಳು ಬೇರೆ ದಿನ ಕಾಣುವುದಿಲ್ಲ, ಈ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಯುವಿ ಫಿಲ್ಟರ್ ತೆಗೆದಿಡಿ. ಅದರ ಚಪ್ಪಟೆ ಗಾಜು ಇನ್ನೊಂದು ಪ್ರತಿಫಲನ ಸೇರಿಸುತ್ತದೆ, ಅಷ್ಟೇ.

ಬೆಳಗುವ ರೆಕ್ಕೆ

ಆಕಾರ, ವಿವರ ಎರಡೂ ಒಟ್ಟಿಗೆ ಸಿಗುವ ಅಪರೂಪ ಅಂದೆನಲ್ಲ, ಅದು ಬಿಳಿ ಹಕ್ಕಿಗಳಲ್ಲಿ ಇದೆ. ಬೆಳ್ಳಕ್ಕಿ, ರೀವ (ಟರ್ನ್) ಇಂಥವು ರೆಕ್ಕೆ ಬಿಚ್ಚಿದಾಗ ಬಿಸಿಲು ಗರಿಗಳ ಮೂಲಕ ಹಾದು ಬರುತ್ತದೆ. ರೆಕ್ಕೆ ಒಳಗಿನಿಂದ ದೀಪ ಹಚ್ಚಿದ ಹಾಗೆ ಕಾಣುತ್ತದೆ. ಗರಿಯ ಮೇಲೆ ಗರಿ ಬಂದ ಕಡೆ ಬೆಳಕು ಕಡಿಮೆ, ಹಾಗಾಗಿ ಒಂದೊಂದು ಗರಿಯನ್ನೂ ಎಣಿಸಬಹುದು. ಕಾಗೆಯಲ್ಲಿ ಇದು ಆಗುವುದಿಲ್ಲ, ಅದರ ಗರಿಯ ಕಪ್ಪು ಬಣ್ಣ ಬೆಳಕನ್ನು ಹೀರಿಬಿಡುತ್ತದೆ. ಈ ಫೋಟೋಗೆ ಆಕಾಶ ಬೇಡ. ಸೂರ್ಯ ಫ್ರೇಮಿನ ಮೇಲೆ, ಹೊರಗೆ. ಹಕ್ಕಿಯ ಹಿಂದೆ ನೆರಳಲ್ಲಿರುವ ಮರಗಳು. ಎಕ್ಸ್‌ಪೋಷರ್ ಬೆಳಗುವ ರೆಕ್ಕೆಗೆ ಹೊಂದಿರಲಿ, ಅಲ್ಲಿ ಹೈಲೈಟ್ ಸುಟ್ಟರೆ, ಅಂದರೆ ವಿವರವಿಲ್ಲದೆ ಬರೀ ಬಿಳಿಯಾದರೆ, ಕ್ಯಾಮೆರಾ ಹಿಡಿದದ್ದನ್ನೆಲ್ಲ ಇಟ್ಟುಕೊಳ್ಳುವ ರಾ ಫೈಲ್‌ನಲ್ಲೂ ವಾಪಸ್ ಬರುವುದಿಲ್ಲ. ಮೈಯ ನೆರಳಿನ ಭಾಗವನ್ನು ಆಮೇಲೆ ಸ್ವಲ್ಪ ಎತ್ತಿಕೊಳ್ಳಬಹುದು.

ನಾನು ಈ ವಾರ ಮಾಡುತ್ತಿರುವ ಅಭ್ಯಾಸ: ಒಂದೇ ಜಾಗ, ಒಂದೇ ಹೊತ್ತು. ಮೊದಲ ದಿನ ಬರೀ ಆಕಾರ, ಎರಡನೇ ದಿನ ಬರೀ ಗರಿ, ಮೂರನೇ ದಿನ ಬೆಳಗುವ ರೆಕ್ಕೆ. ಮಧ್ಯೆ ಸೆಟ್ಟಿಂಗ್ ಬದಲಿಸುವುದಿಲ್ಲ, ಎಂಥ ಹಕ್ಕಿ ಬಂದರೂ.