35 ದಿನಗಳ ಗವರ್ನರ್ ಪಿಂಚ್‌ಬ್ಯಾಕ್

ಅಮೆರಿಕದ ಮೊದಲ ಕಪ್ಪು ಗವರ್ನರ್ ಪಿ.ಬಿ.ಎಸ್. ಪಿಂಚ್‌ಬ್ಯಾಕ್ ಲೂಯಿಸಿಯಾನ ರಾಜ್ಯದ ಆಡಳಿತ ನಡೆಸಿದ್ದು 1872ರ ಡಿಸೆಂಬರ್ 9ರಿಂದ 1873ರ ಜನವರಿ 13ರವರೆಗೆ ಮಾತ್ರ. ಅದೊಂದು ಆಕಸ್ಮಿಕವೆಂದು ಬದಿಗೆ ಸರಿಸುವವರಿದ್ದಾರೆ. ಸಂವಿಧಾನದ ಪ್ರಕರಣಗಳನ್ನು ನಡೆಸುವ ವಕೀಲನಾಗಿ ನಾನು ಅದನ್ನು ಒಪ್ಪುವುದಿಲ್ಲ.

ಅವರು ಹುಟ್ಟಿದ್ದು 1837ರಲ್ಲಿ, ಜಾರ್ಜಿಯಾದಲ್ಲಿ. ತಾಯಿ ಗುಲಾಮಗಿರಿಯಿಂದ ಬಿಡುಗಡೆ ಪಡೆದವರು, ತಂದೆ ಬಿಳಿಯ ಜಮೀನುದಾರ. ತಂದೆ ತೀರಿಕೊಂಡ ಮೇಲೆ ಕುಟುಂಬ ಸಿನ್ಸಿನಾಟಿ ಸೇರಿತು. ಹುಡುಗ ದೋಣಿಗಳಲ್ಲಿ ದುಡಿದ. ಅಂತರ್ಯುದ್ಧದಲ್ಲಿ ಒಕ್ಕೂಟದ, ಅಂದರೆ ಉತ್ತರದ ರಾಜ್ಯಗಳ, ಸೇನೆಯ ಕ್ಯಾಪ್ಟನ್ ಆಗಿದ್ದ ಪಿಂಚ್‌ಬ್ಯಾಕ್, ಕಪ್ಪು ಅಧಿಕಾರಿಗಳ ಬಗೆಗಿನ ತಾರತಮ್ಯವನ್ನು ಸಹಿಸದೆ 1863ರಲ್ಲಿ ರಾಜೀನಾಮೆ ಕೊಟ್ಟರು. ಲೂಯಿಸಿಯಾನದ 1868ರ ಸಂವಿಧಾನವನ್ನು ರಚಿಸಿದ ಸಭೆಯಲ್ಲಿ ಅವರೂ ಸದಸ್ಯರಾಗಿದ್ದರು.

ಅದೇ ಸಂವಿಧಾನ ಅವರನ್ನು ಅಧಿಕಾರಕ್ಕೆ ತಂದಿತು. ಲೆಫ್ಟಿನೆಂಟ್ ಗವರ್ನರ್, ಅಂದರೆ ಗವರ್ನರ್ ನಂತರದ ಸ್ಥಾನದಲ್ಲಿದ್ದ, ಆಸ್ಕರ್ ಡನ್ 1871ರಲ್ಲಿ ನಿಧನರಾದಾಗ, ರಾಜ್ಯದ ಮೇಲ್ಮನೆ ಪಿಂಚ್‌ಬ್ಯಾಕ್ ಅವರನ್ನು ಆ ಸ್ಥಾನಕ್ಕೆ ಆರಿಸಿತ್ತು. ಮರುವರ್ಷ ಕೆಳಮನೆಯು ಗವರ್ನರ್ ಹೆನ್ರಿ ಕ್ಲೇ ವಾರ್ಮತ್ ಅವರ ಮೇಲೆ ಮಹಾಭಿಯೋಗ ಹೂಡಿದೊಡನೆ, ಮೇಲ್ಮನೆಯ ತೀರ್ಪಿಗೆ ಕಾಯದೆಯೇ, ವಾರ್ಮತ್ ಅವರ ಅಧಿಕಾರ ಅಮಾನತುಗೊಂಡು ಪಿಂಚ್‌ಬ್ಯಾಕ್ ಅವರಿಗೆ ಸೇರಿತು. ಭಾರತದ ರಾಷ್ಟ್ರಪತಿಯಾದರೋ ಎರಡನೆಯ ಸದನವೂ ಮೂರನೇ ಎರಡರಷ್ಟು ಬಹುಮತದಿಂದ ನಿರ್ಣಯ ಅಂಗೀಕರಿಸುವತನಕ ಹುದ್ದೆಯಲ್ಲೇ ಮುಂದುವರಿಯುತ್ತಾರೆ. ಆರೋಪ ಮಾತ್ರದಿಂದಲೇ ಆಳುವವರನ್ನು ದೂರವಿಡುವ ಲೂಯಿಸಿಯಾನದ ನಿಯಮ ರಾಜಕೀಯ ದುರ್ಬಳಕೆಗೆ ದಾರಿ ಮಾಡಿಕೊಡುವಂಥದ್ದು ಎಂಬುದು ನನ್ನ ಅಭಿಪ್ರಾಯ. ಆದರೆ ನಿಯಮ ಜಾರಿಯಲ್ಲಿದ್ದಾಗ ಅದರ ಪ್ರಕಾರ ಬಂದ ಅಧಿಕಾರ ಪೂರ್ಣ ಅಧಿಕಾರವೇ. ಅಧ್ಯಕ್ಷ ಗ್ರಾಂಟ್ ಅವರ ಅಟಾರ್ನಿ ಜನರಲ್ ಕೂಡ ಪಿಂಚ್‌ಬ್ಯಾಕ್ ಅವರನ್ನೇ ಕಾನೂನುಬದ್ಧ ಮುಖ್ಯಸ್ಥರೆಂದು ಮಾನ್ಯ ಮಾಡಿದರು.

ನನ್ನನ್ನು ನಿಜವಾಗಿ ನೋಯಿಸುವುದು ಮುಂದಿನ ಅಧ್ಯಾಯ. 1873ರಲ್ಲಿ ರಾಜ್ಯದ ಶಾಸನಸಭೆ ಅವರನ್ನು ಅಮೆರಿಕದ ಸೆನೆಟ್‌ಗೆ ಆರಿಸಿತು. ಲೂಯಿಸಿಯಾನದಲ್ಲಿ ಆಗ ಎರಡು ಪ್ರತಿಸ್ಪರ್ಧಿ ಸರ್ಕಾರಗಳು ತಾವೇ ಗೆದ್ದವರೆಂದು ಹೇಳಿಕೊಳ್ಳುತ್ತಿದ್ದುದರಿಂದ ವಿವಾದ ಮೂರು ವರ್ಷ ಎಳೆದಾಡಿ, 1876ರಲ್ಲಿ 32–29 ಮತಗಳಿಂದ ಅವರಿಗೆ ಸ್ಥಾನ ನಿರಾಕರಿಸಲಾಯಿತು. ಅದೇ ಸೆನೆಟ್ ಬಳಿಕ ಅವರಿಗೆ ವೇತನದ ಲೆಕ್ಕದಲ್ಲಿ ಪರಿಹಾರಧನ ಕೊಟ್ಟಿತು. ಹಕ್ಕಿಲ್ಲದವನಿಗೆ ವೇತನವೇಕೆ ಎಂಬ ಪ್ರಶ್ನೆಗೆ ಆ ನಿರ್ಣಯದಲ್ಲಿ ನನಗೆ ಉತ್ತರ ಕಾಣುವುದಿಲ್ಲ.

ಪಿಂಚ್‌ಬ್ಯಾಕ್ ನಂತರ ಕಾನೂನು ಓದಿ 1886ರಲ್ಲಿ ವಕೀಲರಾದರು, 1921ರಲ್ಲಿ ತೀರಿಕೊಂಡರು. ಅದಕ್ಕೂ ಮುಂಚೆ, 1879ರ ಸಂವಿಧಾನ ಸಭೆಯಲ್ಲಿ ಕಪ್ಪು ವಿದ್ಯಾರ್ಥಿಗಳಿಗಾಗಿ ಉನ್ನತ ಶಿಕ್ಷಣ ಸಂಸ್ಥೆಯೊಂದನ್ನು ತೆರೆಯಲು ಅವರು ದುಡಿದ ಫಲವಾಗಿ ಸದರ್ನ್ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದು ಇಂದಿಗೂ ಬ್ಯಾಟನ್ ರೂಜ್‌ನಲ್ಲಿ ನಡೆಯುತ್ತಿದೆ.