ಮೊದಲ ಕ್ಯಾಮೆರಾಗೆ ಎಷ್ಟು ದೊಡ್ಡ ಕಿಂಡಿ ಬೇಕು?

ಬೆಂಗಳೂರಿನಲ್ಲಿ ಹೊಸದಾಗಿ ಫೋಟೊಗ್ರಫಿ ಹುಚ್ಚು ಹತ್ತಿದವರು ಏನನ್ನು ತೆಗೆಯಲು ಹೊರಡುತ್ತಾರೆ ನೋಡಿ. ನಸುಕಿನ ಕೆ.ಆರ್. ಮಾರ್ಕೆಟ್ಟಿನ ಹೂವಿನ ರಾಶಿ, ಬಸವನಗುಡಿಯ ಕಡಲೆಕಾಯಿ ಪರಿಷೆಯ ಸಂಜೆ, ಚೈತ್ರ ಹುಣ್ಣಿಮೆಯ ರಾತ್ರಿ ಕರಗ. ಎಲ್ಲವೂ ಬೆಳಕು ಕಡಿಮೆ ಇರುವ ಹೊತ್ತಿನವು. ಆದರೆ ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ, ‘ಎಷ್ಟು ಮೆಗಾಪಿಕ್ಸೆಲ್?’

ಈ ಪ್ರಶ್ನೆ ಕೇಳಿದರೆ ನನಗೆ ಸಂಕಟವಾಗುತ್ತದೆ. ಎ4 ಹಾಳೆಯಲ್ಲಿ ಚೊಕ್ಕವಾಗಿ ಪ್ರಿಂಟ್ ಹಾಕಿಸಲು 9 ಮೆಗಾಪಿಕ್ಸೆಲ್ ಸಾಕು. 4ಕೆ ಟಿವಿ ತೋರಿಸುವುದೇ ಸುಮಾರು 8.3 ಮೆಗಾಪಿಕ್ಸೆಲ್. ಇವತ್ತು ಶುರುವಾತಿನ ಕ್ಯಾಮೆರಾಗಳಲ್ಲೂ 24 ಇರುವುದು ಮಾಮೂಲು. ಆ ಚಿಂತೆ ಬಿಡಿ. ಕೇಳಬೇಕಾದದ್ದು ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿಯ ಅಳತೆ.

ಇನ್ನೊಂದು ನಂಬಿಕೆ ಇದಕ್ಕಿಂತ ಗಟ್ಟಿ. ‘ಐಎಸ್‌ಒ (ಚಿತ್ರವನ್ನು ಬೆಳಗಿಸುವ ಸೆಟ್ಟಿಂಗ್) ಜಾಸ್ತಿ ಮಾಡಿದರೆ ನಾಯ್ಸ್, ಅಂದರೆ ಚುಕ್ಕೆ ಚುಕ್ಕೆ, ಬರುತ್ತದೆ, ದುಬಾರಿ ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಕೊಂಡರೆ ಬರುವುದಿಲ್ಲ.’ ಕತ್ತಲಲ್ಲಿ ತೆಗೆದ ಫೋಟೊದ ಆ ಚುಕ್ಕೆಗಳಲ್ಲಿ ಬಹುಪಾಲು ಬರುವುದು ಬೆಳಕಿನಿಂದಲೇ. ಬೆಳಕು ಬಿಡಿ ಕಣಗಳಾಗಿ ಬರುತ್ತದೆ ಎಂದು ಐನ್‌ಸ್ಟೈನ್ 1905ರಲ್ಲಿ ಹೇಳಿದರು. ಅವಕ್ಕೆ ಈಗ ಫೋಟಾನ್ ಎಂದು ಹೆಸರು. ಬಿಡಿಬಿಡಿಯಾಗಿ ಬರುವ ಯಾವುದಕ್ಕೂ ಏರುಪೇರು ತಪ್ಪಿದ್ದಲ್ಲ. 1918ರಲ್ಲಿ ಜರ್ಮನ್ ಭೌತವಿಜ್ಞಾನಿ ವಾಲ್ಟರ್ ಶಾಟ್ಕಿ ಇದೇ ಏರುಪೇರನ್ನು ನಿರ್ವಾತ ಕೊಳವೆಯ ವಿದ್ಯುತ್ತಿನ ವಿಷಯದಲ್ಲಿ ವಿವರಿಸಿದರು. ಅಲ್ಲಿ ಎಲೆಕ್ಟ್ರಾನ್, ಇಲ್ಲಿ ಫೋಟಾನ್. ಲೆಕ್ಕ ಒಂದೇ.

ತಾರಸಿಯ ಮೇಲೆ ಒಂದೇ ಅಳತೆಯ ಲೋಟಗಳನ್ನು ಸಾಲಾಗಿ ಇಟ್ಟಿದ್ದೀರಿ ಅಂದುಕೊಳ್ಳಿ. ಒಂದು ನಿಮಿಷ ತುಂತುರು ಹನಿಯಿತು. ಒಂದು ಲೋಟದಲ್ಲಿ ಎಂಟು ಹನಿ, ಪಕ್ಕದ್ದರಲ್ಲಿ ಹದಿಮೂರು, ಅದರಾಚೆ ಹತ್ತು. ಲೋಟದ ತಪ್ಪೇನಿಲ್ಲ, ಹನಿ ಬೀಳುವುದೇ ಹಾಗೆ. ಆದರೆ ಜಡಿಮಳೆ ಒಂದು ಗಂಟೆ ಹೊಡೆದರೆ ಎಲ್ಲ ಲೋಟಗಳಲ್ಲೂ ಹೆಚ್ಚುಕಡಿಮೆ ಒಂದೇ ಮಟ್ಟ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಪಿಕ್ಸೆಲ್‌ಗಳೇ ಆ ಲೋಟಗಳು. ಸರಾಸರಿ 100 ಫೋಟಾನ್ ಬೀಳುವ ಕಡೆ ಏರುಪೇರು 10, ಅಂದರೆ ಶೇ 10. ಕಣ್ಣಿಗೆ ರಾಚುತ್ತದೆ. 10,000 ಬಿದ್ದರೆ ಏರುಪೇರು 100, ಅಂದರೆ ಬರೀ ಶೇ 1. ವರ್ಗಮೂಲದ ಲೆಕ್ಕ, ಅಷ್ಟೇ! ಐಎಸ್‌ಒ ಏರಿಸುವುದೆಂದರೆ ಸಿಕ್ಕಿದ ಸ್ವಲ್ಪವನ್ನೇ ಹಿಗ್ಗಿಸಿ ತೋರಿಸುವುದು. ಏರುಪೇರೂ ಜೊತೆಗೇ ಹಿಗ್ಗುತ್ತದೆ. ಎಲೆಕ್ಟ್ರಾನಿಕ್ಸ್ ತನ್ನ ಪಾಲಿನದನ್ನೂ ಸೇರಿಸುತ್ತದೆ, ನಿಜ. ಆದರೆ ಅದು ಎದ್ದು ಕಾಣುವುದು ಕಡುನೆರಳಿನಲ್ಲಿ.

ಹಾಗಾಗಿ ಮುಖ್ಯ ಪ್ರಶ್ನೆ, ಬೆಳಕನ್ನು ಒಳಗೆ ಬಿಡುವ ಕಿಂಡಿ ಎಷ್ಟು ದೊಡ್ಡದು? ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂಗ್ತನ್ನು ‘ಎಫ್/’ ಮುಂದಿರುವ ಎಫ್ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿಯ ಅಗಲ ಸಿಗುತ್ತದೆ. ಬಾಡಿಯ ಜೊತೆ ಬರುವ 18-55 ಕಿಟ್ ಲೆನ್ಸನ್ನು ಪೂರ್ತಿ, ಅಂದರೆ 55ಕ್ಕೆ, ಝೂಮ್ ಮಾಡಿದರೆ ಎಫ್/5.6. ಕಿಂಡಿ ಸುಮಾರು 10 ಮಿ.ಮೀ. 50 ಎಂಎಂ ಎಫ್/1.8 ಲೆನ್ಸಿನದು ಸುಮಾರು 28 ಮಿ.ಮೀ. ಸೆನ್ಸರ್ ಮೇಲೆ ಬೀಳುವ ಬೆಳಕು ಹೆಚ್ಚುಕಡಿಮೆ ಹತ್ತು ಪಟ್ಟು! ಕಿಟ್ ಲೆನ್ಸಿನಲ್ಲಿ ಐಎಸ್‌ಒ 6400 ಬೇಡುವ ದೃಶ್ಯಕ್ಕೆ ಇಲ್ಲಿ 640 ಸಾಕು. ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸೆನ್ಸರು ಬಿಟ್ಟು ಫುಲ್ ಫ್ರೇಮ್ ಎಂಬ ದೊಡ್ಡದಕ್ಕೆ ಹೋದರೆ ಸೆನ್ಸರಿನ ವಿಸ್ತೀರ್ಣ ಹೆಚ್ಚುವುದು ಎರಡೂಕಾಲು ಪಟ್ಟು ಮಾತ್ರ.

1975ರಲ್ಲಿ ಕೊಡಾಕ್‌ನ ಸ್ಟೀವನ್ ಸಾಸನ್ ಮೊದಲ ಡಿಜಿಟಲ್ ಕ್ಯಾಮೆರಾ ಕಟ್ಟಿದರು. ಸುಮಾರು ಮೂರೂವರೆ ಕಿಲೊ ತೂಕ. 100ಕ್ಕೆ 100 ಪಿಕ್ಸೆಲ್. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು. ಅದಕ್ಕೆ ಅವರು ಹಾಕಿದ್ದು ಸೂಪರ್ 8 ಸಿನಿಮಾ ಕ್ಯಾಮೆರಾದ ಲೆನ್ಸು. ಆಮೇಲೆ ಸೆನ್ಸರುಗಳು ಬೆಳೆದ ಪರಿ ಬೆರಗು ಹುಟ್ಟಿಸುತ್ತದೆ. ಈಗಿನವು ತಮ್ಮ ಮೇಲೆ ಬಿದ್ದ ಫೋಟಾನ್‌ಗಳಲ್ಲಿ ಅರ್ಧದಷ್ಟನ್ನು ಎಣಿಸಿಯೇಬಿಡುತ್ತವೆ. ಅಂದರೆ ಅದೇ ಅಳತೆಯ ಸೆನ್ಸರು ಇನ್ನೆಷ್ಟು ಸುಧಾರಿಸಿದರೂ ಹಿಡಿಯುವ ಬೆಳಕು ದುಪ್ಪಟ್ಟಾದೀತು, ಅದಕ್ಕಿಂತ ಹೆಚ್ಚಿಲ್ಲ. ಹೊಸ ಮಾಡೆಲ್ ಬರಲಿ ಎಂದು ವರ್ಷಗಟ್ಟಲೆ ಕಾಯುವವರು ಇದನ್ನು ಯೋಚಿಸಬೇಕು ಅಲ್ವಾ?

ನನ್ನ ಸಲಹೆ ಇಷ್ಟು. ಬಾಡಿ ಹಳೆಯದಾದರೂ, ಸೆಕೆಂಡ್‌ಹ್ಯಾಂಡ್ ಆದರೂ ಸರಿ. ಉಳಿಸಿದ ದುಡ್ಡಿನಲ್ಲಿ ಎಫ್/1.8ರ ಒಂದು ಪ್ರೈಮ್ ಲೆನ್ಸ್, ಅಂದರೆ ಒಂದೇ ಫೋಕಲ್ ಲೆಂಗ್ತಿನದು, ತಗೊಳ್ಳಿ. ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ ಲೆನ್ಸು ಫುಲ್ ಫ್ರೇಮಿನ 75ರ ಹಾಗೆ ನೋಡುತ್ತದೆ, ಅಂದರೆ ಕಾಣುವ ಹರವು ಕಿರಿದು. ಮಾರ್ಕೆಟ್ಟಿನ ಇಕ್ಕಟ್ಟಿನಲ್ಲಿ ಹಿಂದೆ ಸರಿಯಲು ಜಾಗವೇ ಇರುವುದಿಲ್ಲ. ಅಲ್ಲಿಗೆ 35 ಎಂಎಂ ವಾಸಿ. ಝೂಮ್ ಇಲ್ಲ, ನಡೆಯಬೇಕು. ಕಿಂಡಿ ಪೂರ್ತಿ ತೆರೆದರೆ ಫೋಕಸ್ ಆಗುವ ಆಳವೂ ಕಿರಿದು. ಹತ್ತಿರದಿಂದ ತೆಗೆದರೆ ಕಣ್ಣು ಸ್ಪಷ್ಟವಾಗಿದ್ದು ಕಿವಿ ಮಸುಕಾಗುತ್ತದೆ. ಅದಕ್ಕೆ ಅಭ್ಯಾಸ ಬೇಕು.

ಕದಲದ ಕಟ್ಟಡಕ್ಕಾದರೆ ದೊಡ್ಡ ಕಿಂಡಿಯೂ ಬೇಡ, ಟ್ರೈಪಾಡ್ ಇಟ್ಟು ಶಟರನ್ನು ನಿಧಾನ ಮಾಡಿದರಾಯಿತು. ಹಳೆ ಲೆನ್ಸ್ ಕೊಳ್ಳುವಾಗ ಮಾತ್ರ ಮೊಬೈಲ್ ಟಾರ್ಚ್ ಹಾಕಿ ಗಾಜಿನ ಒಳಗೆ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದು ಫಂಗಸ್. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ.